ಇಡೀ ಜೂ ತೋರಿಸಲೇಬೇಕು ಅಂತ ಯಾರು ಹೇಳಿದರು?

ರಜೆ ಹತ್ತಿರ ಬಂತು ಅಂದರೆ ಒಂದೇ ತರಹದ ಪ್ರಶ್ನೆಗಳು ಶುರುವಾಗುತ್ತವೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಆಟಿಸಂನಂಥ ಸ್ಥಿತಿ ಇರುವ ಮಕ್ಕಳಿಗೆ ದಿನನಿತ್ಯದ ಕೆಲಸಗಳನ್ನು ನಿಭಾಯಿಸಲು ಕಲಿಸುವವಳು. ಇರುವುದು ಮೈಸೂರಿನಲ್ಲಿ. ಹಾಗಾಗಿ ಅರ್ಧಕ್ಕರ್ಧ ಪ್ರಶ್ನೆಗಳು ಮೈಸೂರು ಮೃಗಾಲಯದ ಬಗ್ಗೆಯೇ. ಆಟಿಸಂ ಅಂದರೆ ಮಾತು, ಜನರೊಡನೆ ಬೆರೆಯುವುದು, ಸದ್ದು-ವಾಸನೆ ಇವನ್ನೆಲ್ಲ ಮೆದುಳು ಬೇರೆ ರೀತಿ ನಿಭಾಯಿಸುವ ಸ್ಥಿತಿ. ಅದಕ್ಕಿಂತ ಹೆಚ್ಚು ಇಲ್ಲಿ ವಿವರಿಸುವುದಿಲ್ಲ. ಕೇಳಿದವರಲ್ಲಿ ಹೆಚ್ಚಿನವರ ಮನೆಯಲ್ಲೇ ಅದಿದೆ, ಅವರಿಗೆ ಗೊತ್ತು.

ಪ್ರಶ್ನೆ: ಮೇಡಂ, ಮಗನಿಗೆ 7 ವರ್ಷ, ಆಟಿಸಂ ಇದೆ. ದಸರಾ ರಜೆಯಲ್ಲಿ ಜೂಗೆ ಹೋದಾಗ ಅರ್ಧ ದಾರಿಯಲ್ಲೇ ಕಿವಿ ಮುಚ್ಚಿಕೊಂಡು ಕಿರುಚಿದ, ನೆಲದ ಮೇಲೆ ಹೊರಳಾಡಿದ. ಜನ ವಿಡಿಯೊ ಮಾಡಿದರು. ಈ ಸಲ ಇಡೀ ಜೂ ತೋರಿಸಬೇಕು ಅಂತ ಆಸೆ. ನಿದ್ದೆ ಬರುವ ಸಿರಪ್ ಸ್ವಲ್ಪ ಕೊಟ್ಟು ಕರೆದುಕೊಂಡು ಹೋಗಬಹುದಾ?

ಸಿರಪ್ ಕೊಡಬೇಡಿ. ಮೆಡಿಕಲ್ ಶಾಪಿನವರು ಹೇಳಿದರೂ ಬೇಡ, ಪಕ್ಕದ ಮನೆಯವರು ಕೊಟ್ಟು ನೋಡಿದ್ದರೂ ಬೇಡ. ನಿದ್ದೆಗೆಂದು ಕೊಡುವ ಕೆಮ್ಮು-ನೆಗಡಿಯ ಔಷಧಿ ಕೆಲವು ಮಕ್ಕಳಿಗೆ ನಿದ್ದೆ ತರುವ ಬದಲು ಇನ್ನಷ್ಟು ಚಡಪಡಿಕೆ ತರುತ್ತದೆ. ಮಗುವನ್ನು ಮಂಪರು ಮಾಡಿ ಆನೆ ತೋರಿಸಿ ಏನು ಪ್ರಯೋಜನ?

ನಿಮ್ಮ ಮಗ ಮಾಡಿದ್ದು ಹಠ ಅಲ್ಲ. ಬೇಕಾದದ್ದು ಸಿಕ್ಕರೆ ಹಠ ನಿಲ್ಲುತ್ತದೆ. ಸದ್ದು, ವಾಸನೆ, ಬಿಸಿಲು, ನೂಕಾಟ ಎಲ್ಲ ಒಟ್ಟಿಗೆ ತಲೆಗೆ ಏರಿದಾಗ ಆಗುವ ಕುಸಿತ ಐಸ್‌ಕ್ರೀಮಿಗೂ ನಿಲ್ಲುವುದಿಲ್ಲ, ಏಟಿಗೂ ನಿಲ್ಲುವುದಿಲ್ಲ. ಅದು ಬರುವ ಮೊದಲು ಹೆಚ್ಚಾಗಿ ಸೂಚನೆ ಕೊಡುತ್ತದೆ. ನಡಿಗೆ ಜೋರಾಗುತ್ತದೆ, ಬೆರಳು ಕಚ್ಚುತ್ತಾನೆ, ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಾನೆ, ಕಿವಿಗೆ ಕೈ ಹೋಗುತ್ತದೆ. ಹೊರಡಬೇಕಾದದ್ದು ಆಗ, ನೆಲಕ್ಕೆ ಬಿದ್ದ ಮೇಲಲ್ಲ.

ಇನ್ನು ಇಡೀ ಜೂ ವಿಷಯ. ಮೈಸೂರು ಮೃಗಾಲಯ 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದದ್ದು. ಪೂರ್ತಿ ಸುತ್ತಿದರೆ ದೊಡ್ಡವರಿಗೇ ಕಾಲು ನೋಯುತ್ತದೆ. ಟಿಕೆಟ್ ಕೊಟ್ಟ ಮೇಲೆ ಎಲ್ಲ ನೋಡಿಬಿಡಬೇಕು ಎಂಬ ಲೆಕ್ಕಾಚಾರವೇ ಎಷ್ಟೋ ಮಕ್ಕಳ ದಿನ ಹಾಳು ಮಾಡುತ್ತಿದೆ. ಎರಡು ಪ್ರಾಣಿ ಸಾಕು. ಒಂದಾದರೂ ಸಾಕು. ನನ್ನ ಬಳಿ ಬರುವ ಒಬ್ಬ ಹುಡುಗಿ ಜಿರಾಫೆ ಮುಂದೆ ನಿಂತವಳು ಕದಲಲೇ ಇಲ್ಲ. ಎತ್ತರಕ್ಕೆ ಕಟ್ಟಿದ್ದ ಸೊಪ್ಪಿನ ಕಟ್ಟನ್ನು ಜಿರಾಫೆ ತನ್ನ ಕಪ್ಪು ನಾಲಿಗೆಯಿಂದ ಸುತ್ತಿ, ಎಲೆ ಮಾತ್ರ ಸವರಿಕೊಂಡು, ಬರಿ ಕಡ್ಡಿ ಬಿಡುತ್ತಿತ್ತು. ಅವಳು ಪ್ರತಿ ಸಲವೂ ತನ್ನ ನಾಲಿಗೆಯನ್ನು ಹಾಗೇ ಹೊರಗೆ ಚಾಚುತ್ತಿದ್ದಳು. ಅಪ್ಪ ಮಾತ್ರ 'ಹುಲಿ ನೋಡೋಣ ಬಾ' ಎಂದು ಕೈ ಎಳೆಯುತ್ತಿದ್ದರು. ಹುಲಿ ಬೇಕಿದ್ದದ್ದು ಅಪ್ಪನಿಗೆ. ದಯವಿಟ್ಟು ಹಾಗೆ ಎಳೆಯಬೇಡಿ. ಮಗು ಎಲ್ಲಿ ನಿಲ್ಲುತ್ತದೋ ಅದೇ ಜೂ.

ದಸರಾ, ಭಾನುವಾರ, ಕ್ರಿಸ್‌ಮಸ್ ರಜೆ ಪೂರ್ತಿ ಬಿಟ್ಟುಬಿಡಿ. ಮಂಗಳವಾರ ವಾರದ ರಜೆ. ಬುಧವಾರವೋ ಗುರುವಾರವೋ ಬೆಳಿಗ್ಗೆ 8.30ಕ್ಕೆ ಗೇಟ್ ತೆಗೆಯುವಾಗಲೇ ಅಲ್ಲಿರಿ. ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ಆ ತಿಂಗಳುಗಳಲ್ಲಿ ಹತ್ತೂವರೆಯೊಳಗೆ ಹೊರಗೆ ಬಂದುಬಿಡಿ.

ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸ ಜಾಸ್ತಿ. ಗೇಟು, ಟಿಕೆಟ್ ಕೌಂಟರ್, ನಡೆಯುವ ದಾರಿ, ಟಾಯ್ಲೆಟ್, ವಾಪಸ್ ಬರುವ ಕಾರು. ಇವುಗಳ ಫೋಟೊ ತೋರಿಸಿ ಒಂದು ವಾರ ಅದೇ ಕಥೆ ಹೇಳಿ. ಪ್ರಾಣಿಗಳ ಫೋಟೊ ಎಲ್ಲರೂ ತೋರಿಸುತ್ತಾರೆ, ಸರತಿ ಸಾಲಿನ ಫೋಟೊ ಯಾರೂ ತೋರಿಸುವುದಿಲ್ಲ. ಮಗು ಮೊದಲು ಕುಸಿಯುವುದು ಆ ಸಾಲಿನಲ್ಲೇ.

ಕಿವಿಗೆ ಇಯರ್‌ಮಫ್ ಇರಲಿ. ಸರಿಯಾಗಿ ಕೂತರೆ 20ರಿಂದ 30 ಡೆಸಿಬೆಲ್‌ನಷ್ಟು ಸದ್ದು ತಗ್ಗಿಸುತ್ತದೆ. ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗ್ಗಿಸುವುದು ಬಸ್ಸಿನ ಗುಂಯ್‌ಗುಡುವಿಕೆಯನ್ನು, ಹಠಾತ್ ಕೂಗನ್ನು ಅಷ್ಟಾಗಿ ಅಲ್ಲ. ಮನೆಯಲ್ಲಿ ಮಿಕ್ಸಿ ಹಾಕುವಾಗ ದಿನಾ ಹಾಕಿಸಿ ಅಭ್ಯಾಸ ಮಾಡಿಸಿ. ಜೂ ಗೇಟಿನಲ್ಲಿ ಮೊದಲ ಸಲ ಹಾಕಿದರೆ ಕಿತ್ತು ಎಸೆಯುತ್ತಾನೆ. ವಾಸನೆಯೂ ಸಣ್ಣ ವಿಷಯ ಅಲ್ಲ. ಹುಲಿ, ಚಿರತೆಗಳ ಮೂತ್ರದ ವಾಸನೆ ಖಾರವಾಗಿರುತ್ತದೆ. ಅಮ್ಮನ ಹಳೆ ಸೀರೆಯ ತುಂಡೊಂದು ಜೇಬಿನಲ್ಲಿದ್ದರೆ ಮೂಗಿಗೆ ಹಿಡಿದುಕೊಳ್ಳಲು ಆಗುತ್ತದೆ. ಒಳಗೆ ಪ್ಲಾಸ್ಟಿಕ್‌ಗೆ ನಿರ್ಬಂಧವಿದೆ, ನೀರು ಸ್ಟೀಲ್ ಬಾಟಲಿಯಲ್ಲಿರಲಿ.

ಇಬ್ಬರು ದೊಡ್ಡವರು ಹೋಗಿ. ಮಗ ಸಾಕು ಅಂದಾಗ ಒಬ್ಬರು ಅವನ ಜೊತೆ ಹೊರಡಬೇಕು, ಇನ್ನೊಬ್ಬರು ಅಕ್ಕನಿಗೋ ತಮ್ಮನಿಗೋ ಉಳಿದದ್ದನ್ನು ತೋರಿಸಬೇಕು. ಅವರಿಗೂ ಜೂ ಬೇಕಲ್ವಾ? ಕೈ ತಪ್ಪಿಸಿಕೊಂಡು ಓಡುವ ಮಗುವಾದರೆ ಫೋನ್ ನಂಬರ್ ಬರೆದ ಪಟ್ಟಿ ಕೈಗೆ ಕಟ್ಟಿ, ಆ ದಿನದ ಬಟ್ಟೆಯಲ್ಲೇ ಬೆಳಿಗ್ಗೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಆಟಿಸಂ ಇರುವ ಎಷ್ಟೋ ಮಕ್ಕಳು ಓಡುವುದೇ ನೀರಿನ ಕಡೆಗೆ. ಕಾರಂಜಿ ಕೆರೆ ಪಕ್ಕದಲ್ಲೇ ಇದೆ ಎಂದು ಅದೇ ದಿನ ಅಲ್ಲಿಗೂ ಹೋಗಬೇಡಿ. ಸುಸ್ತಾದ ಮಗು, ಸುಸ್ತಾದ ಅಪ್ಪ-ಅಮ್ಮ, ಮುಂದೆ ಕೆರೆ. ಅತಿ ಹುಷಾರು ಅನ್ನಿಸಿದರೂ ಪರವಾಗಿಲ್ಲ, ನಾನಂತೂ ಒಪ್ಪುವುದಿಲ್ಲ.

ಅಷ್ಟಾದರೂ ಕುಸಿದನಾ? ಮಾತು ನಿಲ್ಲಿಸಿ. 'ಯಾಕೆ, ಏನಾಯ್ತು' ಎಂಬ ಪ್ರಶ್ನೆಯೂ ಅವನಿಗೆ ಇನ್ನೊಂದು ಸದ್ದು. ದಾರಿಯ ಪಕ್ಕಕ್ಕೆ, ನೆರಳಿಗೆ ಕರೆದೊಯ್ಯಿರಿ. ಅಪ್ಪಿಕೊಂಡರೆ ಇಷ್ಟಪಡುವವನಾದರೆ ಮಾತ್ರ ಗಟ್ಟಿಯಾಗಿ ಅಪ್ಪಿಕೊಳ್ಳಿ. ಇನ್ನೊಬ್ಬರು ಜನರಿಗೆ ಅಡ್ಡವಾಗಿ ನಿಲ್ಲಿ. ಮೊಬೈಲ್ ಎತ್ತಿದವರಿಗೆ ಮುಲಾಜಿಲ್ಲದೆ 'ಇಳಿಸಿ' ಎನ್ನಿ.

ಒಂದು ಮಾತು ಎಲ್ಲರಿಗೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಪ್ರಕಾರ ಮೃಗಾಲಯದಲ್ಲಿ ಪ್ರಾಣಿಗಳನ್ನು ಕೆಣಕುವುದು, ತಿಂಡಿ ಹಾಕುವುದು, ಗಲಾಟೆ ಮಾಡಿ ತೊಂದರೆ ಕೊಡುವುದು ಎಲ್ಲ ನಿಷಿದ್ಧ. ಚಿಂಪಾಂಜಿ ಮುಂದೆ ಶಿಳ್ಳೆ ಹೊಡೆಯುವವರು, ಮಲಗಿದ ಸಿಂಹವನ್ನು ಕೂಗಿ ಎಬ್ಬಿಸುವವರು ಮಾಡುತ್ತಿರುವುದು ತಪ್ಪು. ನಿಮ್ಮ ಮಗನಿಗೆ ಬೇಕಾದ ಮೌನ ಆ ಪ್ರಾಣಿಗಳಿಗೂ ಬೇಕು. ಅಂಥವರು ಕಂಡರೆ ಸಿಬ್ಬಂದಿಗೆ ಹೇಳಿ. ನಾಚಿಕೆಪಡಬೇಕಾದವರು ಅವರು, ನೀವಲ್ಲ.

ಪ್ರಶ್ನೆ: ಬನ್ನೇರುಘಟ್ಟದ ಸಫಾರಿ ಸುಲಭ ಅಲ್ವಾ? ನಡೆಯುವುದೇ ಇಲ್ಲ.

ಅರ್ಧದಲ್ಲಿ ಇಳಿಯೋಕೂ ಆಗಲ್ಲ. ಮೊದಲ ಸಲಕ್ಕೆ ಬೇಡ.

ಪ್ರಶ್ನೆ: 4 ವರ್ಷದ ಮಗಳಿಗೆ ಮಾತು ಬಂದಿಲ್ಲ. ಗಿಳಿ ಕಚ್ಚಿದ ಹಣ್ಣು ತಿನ್ನಿಸಿದರೆ ಬರುತ್ತೆ ಅಂತಾರೆ. ಜೂನಲ್ಲಿ ಕೇಳಿದರೆ ಕೊಡ್ತಾರಾ?

ಕೊಡುವುದಿಲ್ಲ, ಕೊಡಲೂಬಾರದು. ಹಕ್ಕಿಯ ಎಂಜಲಿನಿಂದ ಮಾತು ಬರುವುದಿಲ್ಲ, ಸೋಂಕು ಬರಬಹುದು. ನಮ್ಮ ಕಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದಂತೂ ಕಾನೂನುಬಾಹಿರ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೊದಲು ಅಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಜೂ ಆಮೇಲೆ.

ಪ್ರಶ್ನೆ: ವಿದೇಶದಲ್ಲಿ ಡಾಲ್ಫಿನ್ ಜೊತೆ ಈಜಿಸಿದರೆ ಆಟಿಸಂ ವಾಸಿಯಾಗುತ್ತದಂತೆ, ಹೌದಾ?

ಇಲ್ಲ. ಡಾಲ್ಫಿನ್‌ಗಳನ್ನು ಕೂಡಿಹಾಕಿ ಆಟ ಆಡಿಸುವ ಡಾಲ್ಫಿನೇರಿಯಂಗಳು ಬೇಡ ಎಂದು ಭಾರತ 2013ರಲ್ಲೇ ಹೇಳಿತು. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಹಾಕಿ ಆಟಿಸಂ ವಾಸಿ ಮಾಡುತ್ತೇವೆ ಎನ್ನುವವರೂ ಇದೇ ಜಾತಿ. ದೇಶದ ವೈದ್ಯರಿಗೆ ನಿಯಮ ಹಾಕುವ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ನೀತಿ ಮಂಡಳಿ 2022ರಲ್ಲೇ ಆಟಿಸಂಗೆ ಅದು ಸಲ್ಲದು ಎಂದಿದೆ. ಮನೆ ಅಡ ಇಟ್ಟು ದುಡ್ಡು ಸುರಿದವರನ್ನು ನೋಡಿದ್ದೇನೆ. ದಯವಿಟ್ಟು ಆ ಕಡೆ ಹೋಗಬೇಡಿ.

ಪ್ರಶ್ನೆ: ಮಗಳಿಗೆ ಕಣ್ಣು ಕಾಣುವುದಿಲ್ಲ. ಅವಳಿಗೆ ಜೂ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ.

ಅವರನ್ನು ಮನೆಯಲ್ಲೇ ಬಿಟ್ಟು ನೀವಿಬ್ಬರೂ ಹೋಗಿ. ಬೆಳಿಗ್ಗೆ ಸಿಂಹ ಗರ್ಜಿಸಿದರೆ ಎದೆಯೊಳಗೆ ನಡುಕ ಹುಟ್ಟುತ್ತದೆ. ನವಿಲಿನ ಕೂಗು, ಒಣಹುಲ್ಲು ಕಿತ್ತು ತಿನ್ನುವ ಆನೆಯ ಸದ್ದು, ಎಲ್ಲ ಅವಳದೇ. ಪ್ರಾಣಿ ಎಷ್ಟು ದೊಡ್ಡದು ಎಂಬುದನ್ನು ಅವಳ ಮೈಗೇ ಅಳತೆ ಹಿಡಿದು ಹೇಳಿ.

ಪ್ರಶ್ನೆ: ಅತ್ತೆಗೆ ಮಂಡಿ ನೋವು. ಬ್ಯಾಟರಿ ಗಾಡಿ ಹತ್ತಲು ನಾಚಿಕೆ ಪಡುತ್ತಾರೆ.

ನೀವು ಮೊದಲು ಹತ್ತಿ ಕೂತುಕೊಳ್ಳಿ, ಅವರೂ ಹತ್ತುತ್ತಾರೆ. ವೀಲ್‌ಚೇರ್ ಬೇಕಿದ್ದರೆ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಪ್ರಶ್ನೆ: ನೋಡಿದರೆ ಅಂಗವಿಕಲ ಅನ್ನಿಸುವುದಿಲ್ಲ ಅಂತ ಒಂದು ಕಡೆ ನಮ್ಮ ಮಗನನ್ನು ಸಾಲಿನಲ್ಲೇ ನಿಲ್ಲಿಸಿದರು. ಏನು ಮಾಡುವುದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ ಮಾಡಿಸಿ, ಅದರ ಫೋಟೊ ಮೊಬೈಲಿನಲ್ಲಿರಲಿ. ಒಬ್ಬರು ಮಗನ ಜೊತೆ ದೂರ ನೆರಳಿನಲ್ಲಿ ನಿಲ್ಲಿ, ಇನ್ನೊಬ್ಬರು ಕಾರ್ಡ್ ಹಿಡಿದು ಕೌಂಟರಿಗೆ ಹೋಗಿ. ವಾದ ಮಾಡುವುದಿದ್ದರೆ ಅವನ ಮುಂದೆ ಬೇಡ.