ರಾಣಿ ಜೋಡಿ ಬಂದಾಗ ಬಚ್ಚಿಡಬೇಕಾ, ಏರಿಸಬೇಕಾ?

ಪ್ರಶ್ನೆ: ಸರ್, ನಾವು ಆರು ಜನ ಕಾಲೇಜು ಗೆಳೆಯರು. ಒಬ್ಬ ವಿಜಯನಗರ, ಒಬ್ಬ ವೈಟ್‌ಫೀಲ್ಡ್, ಹೀಗೆ ಬೆಂಗಳೂರಿನ ತುಂಬ ಚದುರಿದ್ದೇವೆ. ಈ ಟ್ರಾಫಿಕ್‌ನಲ್ಲಿ ಸೇರೋದು ಕಷ್ಟ ಅಂತ ಶನಿವಾರ ರಾತ್ರಿ ಒಂದು ಆ್ಯಪ್‌ನಲ್ಲಿ ಹೋಲ್ಡೆಮ್ ಪೋಕರ್ (ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ) ಆಡುತ್ತೇವೆ. ಬಿಟ್ಟಿ ಚಿಪ್ಸ್, ಕಾಸಿನ ಮಾತಿಲ್ಲ. ತಲಾ 2,000 ಚಿಪ್ಸ್, ಬ್ಲೈಂಡ್ 10-20 (ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ಚಿಪ್ಸ್; 20 ಹಾಕುವವನು ಬಿಗ್ ಬ್ಲೈಂಡ್). ಹೋದ ವಾರ ನನಗೆ ರಾಣಿ ಜೋಡಿ ಬಂತು. ನನಗಿಂತ ಮುಂಚೆ ಒಬ್ಬ 20 ಹಾಕಿದ್ದ. ಏರಿಸಿದರೆ ಎಲ್ಲರೂ ಬಿಟ್ಟುಬಿಡ್ತಾರೆ ಅಂತ ನಾನೂ ಸುಮ್ನೆ 20 ಹಾಕಿದೆ. ಬ್ಲೈಂಡ್‌ನವರಿಬ್ಬರೂ ಸೇರಿ ನಾಲ್ಕು ಜನ ಆದೆವು. ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರೆಲೆ) ಬಂದದ್ದು ರಾಜ, 9, 4. ಬಿಗ್ ಬ್ಲೈಂಡ್‌ನವನು 60 ಹಾಕಿದ. ನಾನೊಬ್ಬನೇ ಅಷ್ಟೇ ಹಾಕಿ ಕಾಲ್ ಮಾಡಿದೆ. ಟರ್ನ್‌ನಲ್ಲಿ (ನಾಲ್ಕನೇ ಎಲೆ) 2 ಬಂತು. ಅವನು 150 ಹಾಕಿದ, ನಾನು ಮತ್ತೆ ಕಾಲ್. ರಿವರ್‌ನಲ್ಲಿ (ಕೊನೆಯ ಎಲೆ) 7 ಬಂದಾಗ ಉಳಿದದ್ದನ್ನೆಲ್ಲ ಮುಂದಿಟ್ಟ. ಕಾಲ್ ಮಾಡಿದೆ. ಅವನ ಕೈಲಿದ್ದದ್ದು ರಾಜ ಮತ್ತು 4, ಎರಡು ಜೋಡಿ! ಇನ್ನೊಂದು ವಾರ ಅದೇ ರಾಣಿ ಜೋಡಿಗೆ 60ಕ್ಕೆ ಏರಿಸಿದೆ. ಬಟನ್‌ನಲ್ಲಿದ್ದವನು (ಎಲೆ ಹಂಚುವವನ ಜಾಗ) ಒಂದೇ ಏಟಿಗೆ ಇದ್ದ 2,000 ಪೂರ್ತಿ ಇಟ್ಟು ಆಲ್-ಇನ್ ಅಂದ. ಹೆದರಿ ಬಿಟ್ಟೆ. ಎರಡೂ ಸಲ ತಪ್ಪು ಮಾಡಿದೆನಾ?
— ಹೆಸರು ಬೇಡ ಎಂದವರು, ವಿಜಯನಗರ

ಉತ್ತರ: ಮೊದಲ ಕೈಯಲ್ಲಿ ನೀವು ತಪ್ಪಿದ್ದು ರಿವರ್‌ನಲ್ಲಿ ಅಂತ ನಿಮಗೆ ಅನ್ನಿಸಿರಬಹುದು. ನನ್ನ ಲೆಕ್ಕದಲ್ಲಿ ತಪ್ಪಾದದ್ದು ಆ ಮೊದಲ 20 ಚಿಪ್ಸ್‌ನಲ್ಲೇ.

ನಾವೆಲ್ಲ ಇಸ್ಪೀಟು ಕಲಿತದ್ದು ಮದುವೆ ಛತ್ರದಲ್ಲಿ, ಮುಹೂರ್ತದ ಹಿಂದಿನ ರಾತ್ರಿ, ಜಮಖಾನದ ಮೇಲೆ. ಮೂರೆಲೆ ಆಟದಲ್ಲಿ ಒಳ್ಳೆ ಎಲೆ ಬಂದರೆ ಮುಖದಲ್ಲಿ ತೋರಿಸದೆ ಕೂರಬೇಕು, ಬೇರೆಯವರು ಕಾಸು ಹಾಕುತ್ತಾ ಹೋಗಲಿ ಅಂತ ಬಿಡಬೇಕು. ಅಲ್ಲಿ ಅದು ಸರಿ. ಯಾಕೆಂದರೆ ಮೂರು ಎಲೆ ಹಂಚಿದ ಮೇಲೆ ಯಾರ ಕೈಯೂ ಬದಲಾಗಲ್ಲ. ನಿಮ್ಮದು ದೊಡ್ಡದಾಗಿದ್ದರೆ ಕೊನೆವರೆಗೂ ದೊಡ್ಡದೇ. ಹೋಲ್ಡೆಮ್‌ನಲ್ಲಿ ಹಾಗಲ್ಲ. ಇನ್ನೂ ಐದು ಎಲೆ ಬರೋದಿದೆ. ನೀವು ಬಚ್ಚಿಟ್ಟುಕೊಂಡು ಕೂತಷ್ಟು ಹೊತ್ತು ಎದುರಿನವರ ಕೈ ಬೆಳೆಯುತ್ತಾ ಹೋಗುತ್ತದೆ. ಮೂರೆಲೆಯಿಂದ ಬಂದವರಲ್ಲಿ ಈ ಅಭ್ಯಾಸವನ್ನು ನಾನು ತುಂಬ ನೋಡಿದ್ದೇನೆ, ಬಿಡಿಸೋದೂ ಕಷ್ಟ.

ರಾಣಿ ಜೋಡಿ ಬರೋದು 221 ಕೈಗೆ ಒಂದು ಸಲ. ಏನು ಬಂತೋ ನೋಡದ ಒಂದೇ ಒಂದು ಕೈ ಎದುರಿಗಿದ್ದರೆ ಅದು ನೂರಕ್ಕೆ ಸುಮಾರು 80 ಸಲ ಗೆಲ್ಲುತ್ತದೆ. ಎದುರಿಗೆ ಮೂವರಿದ್ದರೆ ಅದೇ ಜೋಡಿ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಗೆಲ್ಲುತ್ತದೆ. ಎಕ್ಕದ ಜೋಡಿಗೂ ಇದೇ ಗತಿ. ಒಬ್ಬರ ಎದುರು 85, ಐವರು ಕೂತರೆ ಅರ್ಧದ ಹತ್ತಿರ. ಎಲೆ ಅದೇ, ಜೊತೆಗೆ ಕೂತವರು ಜಾಸ್ತಿಯಾದರು, ಅಷ್ಟೇ.

ಹಾಗಾಗಿ ಏರಿಸಬೇಕು. ಎಷ್ಟು? ಬಿಗ್ ಬ್ಲೈಂಡಿನ ಮೂರರಷ್ಟು, ಮುಂಚೆ ಸುಮ್ನೆ ಕಾಲ್ ಮಾಡಿದವರು ಇದ್ದರೆ ತಲೆಗೊಂದು ಬ್ಲೈಂಡ್ ಹೆಚ್ಚು. ನಿಮ್ಮ ಮೇಜಿನಲ್ಲಿ ಅದು 80. ಬಿಟ್ಟಿ ಚಿಪ್ಸ್ ಆಟದಲ್ಲಿ ಜನ ಯಾವುದಕ್ಕೂ ಕಾಲ್ ಮಾಡ್ತಾರೆ, ಅದಕ್ಕೇ 100 ಇಟ್ಟರೂ ನಡೆಯುತ್ತೆ. ಎಲ್ಲರೂ ಓಡಿಹೋಗ್ತಾರೆ ಅನ್ನೋ ಭಯ ಬೇಡ. ಒಬ್ಬರೋ ಇಬ್ಬರೋ ಬಂದೇ ಬರ್ತಾರೆ, ನಮಗೆ ಬೇಕಾಗಿರೋದೂ ಅಷ್ಟೇ ಜನ. ಆ ರಾಜ-4ರವನನ್ನೇ ನೋಡಿ. ಬಿಗ್ ಬ್ಲೈಂಡ್‌ನಲ್ಲಿದ್ದ ಅವನು ಒಂದು ಚಿಪ್ಪನ್ನೂ ಹೆಚ್ಚಿಗೆ ಹಾಕದೆ ಫ್ಲಾಪ್ ನೋಡಿದ. ಇನ್ನೂ 60 ಹಾಕು ಅಂದಿದ್ದರೆ ಆ ಎಲೆಗಳನ್ನು ಹಿಡಿದು ಕೂರುತ್ತಿದ್ದನಾ?

ಏರಿಸಿದ ಮೇಲೂ ಫ್ಲಾಪ್‌ನಲ್ಲಿ ರಾಜನೋ ಎಕ್ಕವೋ ಬರಬಹುದು. ನಿಮ್ಮ ಕೈಲಿ ರಾಣಿ ಜೋಡಿ ಇದ್ದಾಗ ನೂರಕ್ಕೆ 41 ಸಲ ಹೀಗಾಗುತ್ತದೆ. ಗುಲಾಮ ಜೋಡಿಗೆ ಮೇಲಿನ ಎಲೆ ಬೀಳೋದು 57 ಸಲ, ರಾಜ ಜೋಡಿಗೆ ಎಕ್ಕ ಬೀಳೋದು 23 ಸಲ. ಅದು ನಿಮ್ಮ ದುರದೃಷ್ಟ ಅಲ್ಲ, ಆಟದ ಮಾಮೂಲಿ. ಆಗ ಎದುರಿಗೆ ಒಬ್ಬರೇ ಇದ್ದರೆ ಪಾಟ್‌ನ (ಮಧ್ಯೆ ಸೇರಿದ ಚಿಪ್ಸ್) ಮೂರನೇ ಒಂದು ಭಾಗದಷ್ಟು ಒಂದು ಸಲ ಹಾಕಿ ನೋಡಿ. ಕಾಲ್ ಬಂದರೆ ಟರ್ನ್‌ನಲ್ಲಿ ಇನ್ನೇನೂ ಹಾಕಬೇಡಿ. ತಿರುಗಿ ಏರಿಸಿದರೆ ಬಿಡಿ. ಎದುರಿಗೆ ಮೂವರಿದ್ದು, ರಾಜ ಬಿದ್ದು, ಒಬ್ಬ ತಾನಾಗಿ ಮುಂದೆ ಬಂದು ಹಾಕಿದರೆ ಹೆಚ್ಚು ಯೋಚಿಸೋದೇ ಬೇಡ, ಬಿಟ್ಟುಬಿಡಿ. ಫ್ಲಾಪ್ 9, 6, 2 ಥರ ಚಿಕ್ಕದಾಗಿದ್ದರೆ ಮಾತ್ರ ಪಾಟ್‌ನ ಮೂರರಲ್ಲಿ ಎರಡು ಭಾಗ ಹಾಕುತ್ತಾ ಹೋಗಿ. ಮೂರನೇ ರಾಣಿ ಬಂದರೂ ಅಷ್ಟೇ, ಬಚ್ಚಿಡಬೇಡಿ. ಅದು ಫ್ಲಾಪ್‌ನಲ್ಲಿ ಬರೋದು ಎಂಟೂವರೆ ಸಲಕ್ಕೆ ಒಂದು ಸಲ. ಬಂದಾಗ ಪಾಟ್ ದೊಡ್ಡದಾಗಿರಬೇಕು ಅಲ್ವಾ?

ನಿಮ್ಮ ರಿವರ್ ಕಾಲ್‌ಗೆ ಬರೋಣ. ಪಾಟ್‌ನಲ್ಲಿ 500 ಇತ್ತು. ಅವನು ಇಟ್ಟದ್ದು 1,770. ಆ ಕಾಲ್ ನಷ್ಟವಾಗದೆ ಇರಬೇಕಾದರೆ ನೂರಕ್ಕೆ 44 ಸಲ ನೀವು ಗೆಲ್ಲಬೇಕು. ಮೂರು ಸುತ್ತೂ ತಾನೇ ಮುಂದೆ ಬಂದು ಹಾಕಿದವನು ಅಷ್ಟು ಸಲ ಬರೀ ಬೆದರಿಸ್ತಾನಾ? ಸ್ನೇಹಿತರ ಆಟದಲ್ಲಿ ಹಾಗೆ ಆಗೋದು ಕಡಿಮೆ. ಟರ್ನ್‌ನಲ್ಲೇ ಬಿಡಬೇಕಿತ್ತು. ಜೋಡಿ ಚೆಂದ ಇದೆ ಅಂತ ಬಿಡೋಕೆ ಮನಸ್ಸು ಬರಲ್ಲ, ನನಗೆ ಗೊತ್ತು. ಆದರೆ ರಾಜ ಬಿದ್ದ ಮೇಲೆ ಅದು ಎರಡನೇ ಸಾಲಿನ ಒಂದು ಜೋಡಿ, ಅಷ್ಟೇ.

ನಡುವೆ ಒಂದು ಮಾತು. ಕಾಸಿಲ್ಲದೆ ಆಡ್ತೀರಿ ಅಂತ ಓದಿ ನೆಮ್ಮದಿಯಾಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನೋ ಭೇದ ಅದರಲ್ಲಿಲ್ಲ. ಚಿಪ್ಸ್‌ಗೆ ರೂಪಾಯಿ ಲೆಕ್ಕ ಹಾಕಿ ಆಮೇಲೆ ಯುಪಿಐನಲ್ಲಿ ಕಳಿಸೋಣ ಅಂತ ಗುಂಪಿನಲ್ಲಿ ಯಾರಾದರೂ ಅಂದರೆ ದಯವಿಟ್ಟು ಬೇಡ ಅನ್ನಿ.

ಇನ್ನು ಆ ಆಲ್-ಇನ್. ಮೇಜಿನ ಉಳಿದ ಐವರಲ್ಲಿ ಯಾರ ಬಳಿಯಾದರೂ ರಾಜ ಜೋಡಿಯೋ ಎಕ್ಕದ ಜೋಡಿಯೋ ಇರೋದು ಸುಮಾರು 20 ಸಲಕ್ಕೆ ಒಂದು ಸಲ. ಆದರೆ ಒಬ್ಬ 60ರ ಮೇಲೆ 2,000 ಇಟ್ಟ ಮೇಲೆ ಆ ಲೆಕ್ಕ ನಡೆಯಲ್ಲ. ಈಗ ಕೇಳಬೇಕಾದದ್ದು, ಅವನು ಯಾವ ಯಾವ ಕೈಗೆ ಹೀಗೆ ಮಾಡ್ತಾನೆ ಅಂತ. ನೀವು ಇನ್ನೂ 1,940 ಹಾಕಿದರೆ ಪಾಟ್ 4,030 ಆಗುತ್ತೆ. ಅಂದರೆ ನೂರಕ್ಕೆ 48 ಸಲ ಗೆಲ್ಲಬೇಕು. ಅವನು ಬರೀ ಎಕ್ಕದ ಜೋಡಿ, ರಾಜ ಜೋಡಿ, ಎಕ್ಕ-ರಾಜ, ಇಷ್ಟಕ್ಕೇ ಹೀಗೆ ಮಾಡುವವನು ಅಂತ ಇಟ್ಟುಕೊಳ್ಳಿ. ಎಕ್ಕದ ಜೋಡಿ 6 ಬಗೆಯಲ್ಲಿ ಬರಬಹುದು, ರಾಜ ಜೋಡಿಯೂ 6, ಎಕ್ಕ-ರಾಜ 16. ಮೊದಲ 12ರ ಎದುರು ನೀವು ಗೆಲ್ಲೋದು ನೂರಕ್ಕೆ 18-19 ಸಲ, ಆ 16ರ ಎದುರು 56 ಸಲ. ಒಟ್ಟು ಸೇರಿಸಿದರೆ 40. ಸಾಲದು. ಅದೇ ಮನುಷ್ಯ ಗುಲಾಮ ಜೋಡಿಗೂ ಹತ್ತರ ಜೋಡಿಗೂ ಹೀಗೆ ಇಡುವವನಾದರೆ ನಿಮ್ಮ ಲೆಕ್ಕ 52ಕ್ಕೆ ಏರುತ್ತದೆ. ಆಗ ಕಾಲ್ ಮಾಡಲೇಬೇಕು.

ಅವನು ಬೇರೆ ಶನಿವಾರಗಳಲ್ಲಿ ಆಲ್-ಇನ್ ಅಂದು ಎಲೆ ತೋರಿಸಿದ್ದು ನೆನಪಿದೆಯಾ? ಅದರಲ್ಲಿ ಹತ್ತರ ಜೋಡಿಯೋ ಅದಕ್ಕಿಂತ ಚಿಕ್ಕದೋ ಇದ್ದಿದ್ದರೆ ನೀವು ಬಿಟ್ಟದ್ದು ತಪ್ಪು. ಬರೀ ಎಕ್ಕ, ರಾಜರೇ ಕಂಡಿದ್ದರೆ ಹೆದರಿ ಬಿಟ್ಟಿದ್ದರೂ ಬಿಟ್ಟದ್ದು ಸರಿಯೇ.