ಉಯಿಲಿಗೆ ಸಾಕ್ಷಿ ಯಾರು? – ಕಾನೂನು ಪ್ರಶ್ನೋತ್ತರ

ಪ್ರಶ್ನೆ: ನಾನು 72 ವರ್ಷದ ನಿವೃತ್ತ ಶಿಕ್ಷಕ. ಪಟ್ಟಣದಲ್ಲಿ ಸಂಬಳದ ಹಣದಿಂದ ಕಟ್ಟಿಸಿದ ಮನೆಯಿದೆ. ಊರಿನಲ್ಲಿ, ಅಜ್ಜನ ಕಾಲದಿಂದ ಬಂದ ಒಟ್ಟು ಕುಟುಂಬದ ಆಸ್ತಿ ವಿಭಾಗವಾದಾಗ ನನ್ನ ಪಾಲಿಗೆ ಬಂದ ಎರಡೂವರೆ ಎಕರೆ ಅಡಿಕೆ ತೋಟವಿದೆ. ತೋಟ ಮಗನಿಗೆ, ಮನೆ ಇಬ್ಬರು ಹೆಣ್ಣುಮಕ್ಕಳಿಗೆ ಎಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಸ್ವಹಸ್ತದಿಂದ ಉಯಿಲು ಬರೆದು, ಸಹಿ ಮಾಡಿ ಬೀರುವಿನಲ್ಲಿ ಇಟ್ಟಿದ್ದೇನೆ. ಛಾಪಾ ಕಾಗದದಲ್ಲಿಲ್ಲದ, ನೋಂದಣಿಯಾಗದ ಉಯಿಲು ನಡೆಯುವುದಿಲ್ಲ ಎಂದು ನೆಂಟರು ಹೇಳುತ್ತಾರೆ. ನೋಟರಿ ಮಾಡಿಸಿದರೆ ಸಾಕೇ?
– ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ತಮ್ಮ ನೆಂಟರ ಮಾತು ಸರಿಯಲ್ಲ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಬೀರುವಿನಲ್ಲಿರುವ ಆ ಹಾಳೆ ಈಗಿರುವ ಸ್ಥಿತಿಯಲ್ಲಿ ಕಾನೂನಿನ ಕಣ್ಣಿಗೆ ಉಯಿಲೇ ಅಲ್ಲ, ಏಕೆಂದರೆ ಅದರಲ್ಲಿ ಸಾಕ್ಷಿಗಳ ಸಹಿಯಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೆಯ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು, ಉಯಿಲು ಬರೆದ ತಾವು ಸಹಿ ಮಾಡುವುದನ್ನು ಕಣ್ಣಾರೆ ಕಂಡು ಅಥವಾ ‘ಇದು ನನ್ನದೇ ಸಹಿ’ ಎಂದು ತಮ್ಮ ಬಾಯಿಂದಲೇ ಕೇಳಿ, ತಮ್ಮ ಎದುರಿನಲ್ಲೇ ಸಹಿ ಹಾಕಿರಬೇಕು. ನೋಟರಿಯ ಮೊಹರು ಈ ಕೊರತೆಯನ್ನು ತುಂಬುವುದಿಲ್ಲ. ಬೇರೆಯವರಿಗಾಗಿ ಪತ್ರ ಬರೆಯುವ ಪತ್ರಬರಹಗಾರರು ಬಿಕ್ಕಲಂ (ಬರೆದವರು) ಎಂದು ಹಾಕುವ ಸಹಿಯೂ ಅಷ್ಟರಿಂದಲೇ ಸಾಕ್ಷಿಯ ಸಹಿ ಎನಿಸಿಕೊಳ್ಳುವುದಿಲ್ಲ.

ಸಾಕ್ಷಿಗಳ ಆಯ್ಕೆಯಲ್ಲಿ ದಯವಿಟ್ಟು ಅವಸರ ಮಾಡಬೇಡಿ. ತಮ್ಮ ಕಾಲಾನಂತರ ತಕರಾರು ಬಂದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಟ್ಟಲ್ಲದೆ ಉಯಿಲು ರುಜುವಾತಾಗುವುದಿಲ್ಲ. ನೋಂದಣಿಯಾದ ಉಯಿಲಿಗೂ ಇದೇ ನಿಯಮ. ನಾನು ನಡೆಸಿದ ಒಂದು ದಾವೆಯಲ್ಲಿ ತೀರಿಕೊಂಡ ಹಿರಿಯರು ತಮ್ಮ ಓರಗೆಯ ಇಬ್ಬರು ಸ್ನೇಹಿತರಿಂದಲೇ ಸಾಕ್ಷಿ ಹಾಕಿಸಿದ್ದರು. ದಾವೆ ವಿಚಾರಣೆಗೆ ಬರುವ ಹೊತ್ತಿಗೆ ಆ ಇಬ್ಬರೂ ಇರಲಿಲ್ಲ. ಕೊನೆಗೆ ಒಬ್ಬ ಸಾಕ್ಷಿಯ ಮಗ ಕಟಕಟೆಯಲ್ಲಿ ನಿಂತು, ತಂದೆಯ ಹಳೆಯ ಸಾಲದ ಅರ್ಜಿಯೊಂದನ್ನು ಉಯಿಲಿನ ಪಕ್ಕಕ್ಕಿಟ್ಟು, ‘ಇದು ನಮ್ಮಪ್ಪನ ಸಹಿ’ ಎಂದು ಬೆರಳಿಟ್ಟು ತೋರಿಸಬೇಕಾಯಿತು. ಆದ್ದರಿಂದ ತಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರಾದ, ಊರಲ್ಲೇ ನೆಲೆಸಿರುವ, ಆಸ್ತಿಯಲ್ಲಿ ಏನೂ ಪಡೆಯದ ಇಬ್ಬರನ್ನು ಆರಿಸಿಕೊಳ್ಳಿ. ಅವರಲ್ಲಿ ಒಬ್ಬರು ತಮ್ಮನ್ನು ನೋಡುತ್ತಿರುವ ವೈದ್ಯರಾದರೆ ಇನ್ನೂ ಒಳ್ಳೆಯದು. ಮಗನನ್ನು ಈ ಕೆಲಸದಿಂದ ದೂರವಿಡಿ. ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ ಉಯಿಲಿನ ಬಗ್ಗೆ ಏಳುವ ಸಂಶಯಗಳನ್ನು ಉಯಿಲನ್ನು ಮುಂದಿಡುವವರೇ ನಿವಾರಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1958ರಲ್ಲಿ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಹೇಳಿತು. ಮೈಸೂರು ಹೈಕೋರ್ಟಿನಿಂದ ಹೋದ ಆ ಮೇಲ್ಮನವಿಯ ತೀರ್ಪನ್ನು ಇಂದಿಗೂ ಉಯಿಲಿನ ದಾವೆಗಳಲ್ಲಿ ಉದ್ಧರಿಸುತ್ತಾರೆ.

ಕಡ್ಡಾಯವಲ್ಲದಿದ್ದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಒಳ್ಳೆಯದೆಂದೇ ನನ್ನ ಸಲಹೆ. ಮೂಲಪತ್ರ ಕಳೆದುಹೋದರೂ ಕಚೇರಿಯ ದಾಖಲೆಯಲ್ಲಿ ನಕಲು ಉಳಿದಿರುತ್ತದೆ. ನೋಂದಣಿಯಾದ ಮೇಲೂ ಮನಸ್ಸು ಬದಲಾದರೆ ತಾವು ಅದನ್ನು ರದ್ದುಪಡಿಸಬಹುದು, ಹೊಸದನ್ನು ಬರೆಯಬಹುದು. ಹಳೆಯ ಉಯಿಲಿನಲ್ಲೇ ಅಲ್ಲಲ್ಲಿ ಹೊಡೆದುಹಾಕಿ ತಿದ್ದಬೇಡಿ.

ಇನ್ನು ತಾವು ಕೇಳದೆ ಬಿಟ್ಟ, ಆದರೆ ಎಲ್ಲಕ್ಕಿಂತ ದೊಡ್ಡದಾದ ವಿಷಯವೊಂದಿದೆ. ಮನೆ ತಮ್ಮ ಸ್ವಯಾರ್ಜಿತವಾದ್ದರಿಂದ ಅದನ್ನು ಯಾರಿಗೆ ಬೇಕಾದರೂ ಬರೆಯಬಹುದು. ತೋಟದ ಮಾತು ಬೇರೆ. ವಿಭಾಗದಲ್ಲಿ ಬಂದ ಪಿತ್ರಾರ್ಜಿತ ಆಸ್ತಿಯಲ್ಲಿ ತಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ; ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ, ಮದುವೆಯಾಗಿದ್ದರೂ, ಮಗನಷ್ಟೇ ಹಕ್ಕಿದೆ. ಸರ್ವೋಚ್ಚ ನ್ಯಾಯಾಲಯದ 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಈ ಬಗ್ಗೆ ಸಂದೇಹಕ್ಕೆ ಎಡೆಯಿಲ್ಲ. ಹೀಗಾಗಿ ಉಯಿಲಿನ ಮೂಲಕ ತಾವು ಕೊಡಬಹುದಾದದ್ದು ತೋಟದಲ್ಲಿ ತಮಗಿರುವ ಪಾಲನ್ನು ಮಾತ್ರ, ಇಡೀ ತೋಟವನ್ನಲ್ಲ. ವಿಭಾಗ ಪತ್ರವನ್ನು ವಕೀಲರಿಗೆ ತೋರಿಸಿ, ‘ಈ ಸ್ವತ್ತಿನಲ್ಲಿ ನನಗಿರುವ ಸಮಸ್ತ ಹಕ್ಕು ಮತ್ತು ಪಾಲು’ ಎಂದು ಬರೆಸಿ, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿಗಳನ್ನು ಪಹಣಿಗೆ ಹೊಂದುವಂತೆ ನಮೂದಿಸಿ. ಹೆಣ್ಣುಮಕ್ಕಳು ಮನೆಯಿಂದ ತೃಪ್ತರಾಗಿದ್ದರೆ, ತಾವಿರುವಾಗಲೇ ಅವರನ್ನು ಕೂರಿಸಿಕೊಂಡು ಮಾತಾಡಿ, ತೋಟದ ಪಾಲಿಗೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಳ್ಳುವುದು ಸರಿಯಾದ ದಾರಿ. ಅವರು ಒಪ್ಪದಿದ್ದರೆ ಆ ಮಾತು ಈಗಲೇ ತಿಳಿಯಲಿ. ಅಣ್ಣ ತಂಗಿಯರು ಅದನ್ನು ತಂದೆಯ ತಿಥಿಯ ದಿನ ಮೊದಲ ಬಾರಿಗೆ ಕೇಳುವಂತಾಗಬಾರದು.

ಪ್ರಶ್ನೆ: ಯಜಮಾನರು ಉಯಿಲು ಬರೆಯದೆ ಕಳೆದ ವರ್ಷ ತೀರಿಕೊಂಡರು. ಬ್ಯಾಂಕಿನ ಠೇವಣಿಗೆ ಮದುವೆಗೆ ಮುಂಚೆಯೇ ಅತ್ತೆಯವರನ್ನು ನಾಮಿನಿ ಮಾಡಿದ್ದರು. ಹಣ ಪೂರ್ತಿ ಅವರ ಕೈಸೇರಿದೆ. ನನಗೆ ಇಬ್ಬರು ಚಿಕ್ಕ ಮಕ್ಕಳು. ನಮಗೆ ಏನೂ ಇಲ್ಲವೇ?
– ಹಾಸನದ ಓದುಗರು

ಉತ್ತರ: ಇದೆ, ಖಂಡಿತವಾಗಿ ಇದೆ. ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ, ಆದರೆ ನಾಮಿನಿ ಅದರ ಒಡೆಯರಾಗುವುದಿಲ್ಲ. ಅವರು ಆ ಹಣವನ್ನು ವಾರಸುದಾರರ ಪರವಾಗಿ ಇಟ್ಟುಕೊಂಡವರು ಮಾತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾವು, ಇಬ್ಬರು ಮಕ್ಕಳು ಮತ್ತು ಅತ್ತೆಯವರು ಒಂದನೆಯ ವರ್ಗದ ವಾರಸುದಾರರು. ಇದು ಯಜಮಾನರ ಸ್ವಂತ ಸಂಪಾದನೆಯಾದರೆ ನಾಲ್ವರಿಗೂ ಕಾಲುಭಾಗ ಸಮನಾಗಿ ಬರುತ್ತದೆ. ಅತ್ತೆಯವರೂ ಮಗನನ್ನು ಕಳೆದುಕೊಂಡ ತಾಯಿ, ಅವರ ಕಾಲುಭಾಗವೂ ನ್ಯಾಯವಾದದ್ದೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮೊದಲು ಹಿರಿಯರ ಮೂಲಕ ಕೇಳಿ, ನಂತರ ವಕೀಲರಿಂದ ನೋಟಿಸು ಕೊಡಿಸಿ. ಜೀವವಿಮೆಯ ಹಣವೂ ಇದ್ದರೆ ಅದರ ಪಾಲಿಸಿಯನ್ನು ಬೇರೆಯಾಗಿ ತೋರಿಸಿ. ವಿಮಾ ಕಾಯ್ದೆಯ 2015ರ ತಿದ್ದುಪಡಿಯ ನಂತರ ವಿಮೆಯಲ್ಲಿ ತಂದೆತಾಯಿ, ಪತಿ ಪತ್ನಿ, ಮಕ್ಕಳು ನಾಮಿನಿಯಾಗಿದ್ದಾಗ ನಿಯಮ ಹೀಗೆಯೇ ಇರುವುದಿಲ್ಲ.

ಪ್ರಶ್ನೆ: ನಾನು ವಿಧವೆ. ಸ್ವಂತ ಮನೆಯನ್ನು ಉಯಿಲಿನ ಬದಲು ಈಗಲೇ ದಾನಪತ್ರ ಮಾಡಿಕೊಡು ಎಂದು ಮಗ ಒತ್ತಾಯಿಸುತ್ತಿದ್ದಾನೆ. ಕೊಡಬಹುದೇ?
– ತುಮಕೂರಿನ ಓದುಗರು

ಉತ್ತರ: ತಾವು ನೆಲೆಸಿರುವ ಏಕೈಕ ಮನೆಯಾದರೆ ಕೊಡಬೇಡಿ ಎನ್ನುತ್ತೇನೆ. ಉಯಿಲು ಜಾರಿಗೆ ಬರುವುದು ತಮ್ಮ ಕಾಲಾನಂತರ; ದಾನಪತ್ರ ನೋಂದಣಿಯಾದರೆ ಮನೆ ಅಂದೇ ಮಗನದಾಗುತ್ತದೆ. ಕೊಡಲೇಬೇಕೆಂದಿದ್ದರೆ, ತಮ್ಮ ಜೀವಿತಾವಧಿಯವರೆಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕು ಮತ್ತು ಊಟ, ಔಷಧೋಪಚಾರ ನೋಡಿಕೊಳ್ಳುವ ಷರತ್ತನ್ನು ದಾನಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಆಗ ಮಗ ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಡಿ ದಾನಪತ್ರವನ್ನು ಅನೂರ್ಜಿತಗೊಳಿಸುವಂತೆ ಉಪವಿಭಾಗಾಧಿಕಾರಿಗಳು ಅಧ್ಯಕ್ಷರಾಗಿರುವ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಬಾಯಿಮಾತಿನ ಭರವಸೆಯನ್ನು ನೆಚ್ಚಿ ಷರತ್ತನ್ನು ಬಿಟ್ಟರೆ, ಆ ಅರ್ಜಿ ನಿಲ್ಲುವುದು ಕಷ್ಟವಾಗುತ್ತದೆ.