ಸೋಲಾರ್ ಬ್ಯಾಟರಿಯಿಂದ ರಾಸ್ಪ್‌ಬೆರಿ ಪೈ ಓಡಿಸಲು ಪವರ್ ಬೋರ್ಡ್ ನಾನೇ ಮಾಡಿಕೊಳ್ಳಬಹುದಾ?

ತೋಟದ 12 ವೋಲ್ಟ್ ಸೋಲಾರ್ ಬ್ಯಾಟರಿಗೆ ಎಲ್‌ಎಂ2596 ಮಾಡ್ಯೂಲ್ (ವೋಲ್ಟೇಜ್ ಇಳಿಸುವ ರೆಡಿಮೇಡ್ ಬೋರ್ಡ್) ಹಾಕಿ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಓಡಿಸುತ್ತಿದ್ದೀರಿ. ಕ್ಯಾಮೆರಾ ಶುರುವಾದ ಕೂಡಲೇ ಪರದೆ ಮೇಲೆ ವೋಲ್ಟೇಜ್ ಕಡಿಮೆ ಅನ್ನೋ ಮಿಂಚಿನ ಗುರುತು ಬಂದು ಪೈ ರೀಸ್ಟಾರ್ಟ್ ಆಗುತ್ತದೆ. ಪೈ ಮೇಲೆ ನೇರ ಕೂರುವ ಪವರ್ ಬೋರ್ಡ್ ನೀವೇ ಮಾಡಿದರೆ ಎಷ್ಟು ಆಂಪಿಯರ್‌ಗೆ ಮಾಡಬೇಕು ಅಂತ ಕೇಳಿದ್ದೀರಿ.

ಆಂಪಿಯರ್ ಆಮೇಲೆ ನೋಡೋಣ. ಮೊದಲು ಕ್ಯಾಮೆರಾ ಓಡುತ್ತಿರುವಾಗ ಪೈಯ 2 (5 ವೋಲ್ಟ್) ಮತ್ತು 6ನೇ (ಗ್ರೌಂಡ್) ಪಿನ್ ನಡುವೆ ವೋಲ್ಟೇಜ್ ಅಳೆಯಿರಿ. ಮಾಡ್ಯೂಲ್ ಹತ್ತಿರ ಅಲ್ಲ, ಪಿನ್ ಹತ್ತಿರ. ಸುಮಾರು 4.63 ವೋಲ್ಟ್‌ಗಿಂತ ಕೆಳಗೆ ಹೋದರೆ ಆ ಮಿಂಚು ಬರುತ್ತದೆ. ಮಾಡ್ಯೂಲ್‌ನಿಂದ 5.1 ವೋಲ್ಟ್ ಹೊರಟರೂ ನಿಮಗೆ ಅರ್ಧ ವೋಲ್ಟ್ ಕೂಡ ಉಳಿದಿಲ್ಲ. ತೆಳ್ಳನೆಯ ವೈರ್, ಸಡಿಲ ಜಂಪರ್ ಸೇರಿ 0.1 ಓಮ್ ಇದ್ದರೂ 3 ಆಂಪಿಯರ್‌ಗೆ 0.3 ವೋಲ್ಟ್ ದಾರಿಯಲ್ಲೇ ಮಾಯ. ಮೇಲೆ ಕೂರುವ ಬೋರ್ಡ್‌ನ ದೊಡ್ಡ ಲಾಭವೇ ಇದು: ಆ ವೈರ್ ಇರುವುದಿಲ್ಲ. ಮಾಡಿಕೊಳ್ಳಿ, ಖಂಡಿತ.

ಪೈ 4ಗೆ 3 ಆಂಪಿಯರ್ ಸಾಕು. ಆದರೂ 5 ಆಂಪಿಯರ್‌ನ ಬಕ್ ಚಿಪ್ (ಸ್ವಿಚ್ ಮಾಡುತ್ತಾ ವೋಲ್ಟೇಜ್ ಇಳಿಸುವ ಚಿಪ್) ಹಾಕಿ, ತಣ್ಣಗಿರುತ್ತದೆ. (ಉಳಿದ ವೋಲ್ಟೇಜನ್ನು ಬಿಸಿ ಮಾಡಿ ಕಳೆಯುವ 7805 ರೆಗ್ಯುಲೇಟರ್ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. 12ರಿಂದ 5ಕ್ಕೆ ಇಳಿಸುವಾಗ 1 ಆಂಪಿಯರ್‌ಗೇ 7 ವ್ಯಾಟ್ ಬಿಸಿ.) ಎರಡೂ 5 ವೋಲ್ಟ್ ಪಿನ್ ಬಳಸಿ, ಗ್ರೌಂಡ್ ಪಿನ್ ಕೂಡ ಮೂರು ನಾಲ್ಕು ಇರಲಿ.

ನನ್ನ ಮೊದಲ ಬೋರ್ಡ್ ಕೆಟ್ಟಿದ್ದು ಚಿಪ್‌ನಿಂದಲ್ಲ, ಕೆಪಾಸಿಟರ್‌ನಿಂದ. ಔಟ್‌ಪುಟ್‌ಗೆ 6.3 ವೋಲ್ಟ್‌ನ ಪುಟ್ಟ 22 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿದ್ದೆ. ಇಂಥವುಗಳ ಮೇಲೆ 5 ವೋಲ್ಟ್ ಬಿದ್ದಾಗ ಮೈಕ್ರೋಫ್ಯಾರಡ್ ಅರ್ಧಕ್ಕಿಂತ ಕಡಿಮೆಗೆ ಇಳಿಯಬಹುದು. ಪೈ ಒಮ್ಮೆಲೇ ಕರೆಂಟ್ ಎಳೆದಾಗ ಕೊಡೋಕೆ ಅಲ್ಲಿ ಏನೂ ಇರಲಿಲ್ಲ. ಈಗ ದೊಡ್ಡ ಸೈಜಿನ 16 ವೋಲ್ಟ್‌ನವು ಹಾಕಿ, ಪಕ್ಕದಲ್ಲಿ ಒಂದು ಪಾಲಿಮರ್ ಕೆಪಾಸಿಟರ್ ಇಡುತ್ತೇನೆ. ಲೇಔಟ್‌ನಲ್ಲಿ ಇನ್‌ಪುಟ್ ಕೆಪಾಸಿಟರ್ ಚಿಪ್‌ಗೆ ಅಂಟಿಕೊಂಡಂತಿರಲಿ. ಫೀಡ್‌ಬ್ಯಾಕ್ ಟ್ರೇಸ್ (ಔಟ್‌ಪುಟ್ ವೋಲ್ಟೇಜನ್ನು ಚಿಪ್‌ಗೆ ತಿಳಿಸುವ ಗೆರೆ) ಇಂಡಕ್ಟರ್‌ನಿಂದ, ಅಂದರೆ ತಂತಿ ಸುರುಳಿಯಿಂದ, ದೂರ ಹಾಯಲಿ.

ಇನ್ನೊಂದು, ಇದನ್ನು ಮರೆಯುವವರೇ ಜಾಸ್ತಿ. ಪೈ 4ರಲ್ಲಿ 5 ವೋಲ್ಟ್ ಪಿನ್‌ಗೂ ಯುಎಸ್‌ಬಿ-ಸಿ ಪೋರ್ಟ್‌ಗೂ ಇರುವುದು ಒಂದೇ ಲೈನ್. ನಿಮ್ಮ ಬೋರ್ಡ್ ಕೂತಿರುವಾಗ ಯಾರೋ ಅಡಾಪ್ಟರ್ ಚುಚ್ಚಿದರೆ ಎರಡೂ ಜಗಳಕ್ಕೆ ಬೀಳುತ್ತವೆ. ಕರೆಂಟ್ ಹಿಂದಕ್ಕೆ ಹರಿಯದಂತೆ ಷಾಟ್ಕಿ ಡಯೋಡ್ ಹಾಕಿದರೆ 0.4 ವೋಲ್ಟ್ ತಿನ್ನುತ್ತದೆ, ನಮ್ಮ ಹತ್ತಿರ ಅಷ್ಟು ಇಲ್ಲವಲ್ಲ! ಪೈ ಮಾಡುವವರ ಹ್ಯಾಟ್ (ಪೈ ಮೇಲೆ ಕೂರುವ ಬೋರ್ಡ್) ಡಿಸೈನ್ ಗೈಡ್‌ನಲ್ಲಿ ಇದೇ ಕೆಲಸವನ್ನು ಅಷ್ಟು ವೋಲ್ಟ್ ತಿನ್ನದೆ ಮಾಡುವ, ಒಂದು ಪಿ-ಚಾನೆಲ್ ಮಾಸ್‌ಫೆಟ್, ಜೋಡಿ ಪಿಎನ್‌ಪಿ ಟ್ರಾನ್ಸಿಸ್ಟರ್‌ನ ಸರ್ಕ್ಯೂಟ್ ಇದೆ. ಅದನ್ನೇ ಹಾಕಿ.

ಬ್ಯಾಟರಿ ಕಡೆಯನ್ನು 12 ಅಂತ ನಂಬಬೇಡಿ. ಖಾಲಿಯಾದಾಗ 10.5, ಚಾರ್ಜ್ ಆಗುವಾಗ 14.4. ಅದೇ ಬ್ಯಾಟರಿಗೆ ಮೋಟರ್ ಇದ್ದರೆ ಸ್ಪೈಕ್ ಬೇರೆ. 36 ವೋಲ್ಟ್ ತಾಳುವ ಚಿಪ್, ಸ್ಪೈಕ್ ನುಂಗುವ ಟಿವಿಎಸ್ ಡಯೋಡ್, ಬ್ಯಾಟರಿ ಪಕ್ಕ ಫ್ಯೂಸ್ ಬೇಕೇ ಬೇಕು. ಒಮ್ಮೆ ನನ್ನ ಅಗ್ಗದ ಮಾಡ್ಯೂಲ್‌ನ ಸ್ವಿಚ್ ಶಾರ್ಟ್ ಆಗಿ 12 ವೋಲ್ಟ್ ನೇರ ಪೈಗೆ ನುಗ್ಗಿತು. ಪೈ ಹೋಯಿತು, ಕ್ಯಾಮೆರಾನೂ ಹೋಯಿತು. ಅವತ್ತಿನಿಂದ ಔಟ್‌ಪುಟ್‌ನಲ್ಲಿ ಎಸ್‌ಸಿಆರ್ ಕ್ರೋಬಾರ್ ಅನ್ನೋ ರಕ್ಷಣೆಯ ಸರ್ಕ್ಯೂಟ್ ಹಾಕುತ್ತೇನೆ. ವೋಲ್ಟೇಜ್ ಏರಿದರೆ ಅದು ಲೈನನ್ನೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ.

ಮುಂದೆ ಪೈ 5ಕ್ಕೆ ಹೋದರೆ, ಪಿನ್‌ನಿಂದ ಪವರ್ ಕೊಟ್ಟಾಗ ಅದು ಯುಎಸ್‌ಬಿಗೆ ಒಟ್ಟು 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ನಿಮ್ಮ ಬೋರ್ಡ್ 5 ಆಂಪಿಯರ್ ಕೊಡುತ್ತದೆ ಅಂತ ಬೂಟ್‌ಲೋಡರ್ (ಪೈಯನ್ನು ಶುರು ಮಾಡುವ ಪ್ರೋಗ್ರಾಂ) ಸೆಟ್ಟಿಂಗ್‌ನಲ್ಲಿ ನೀವೇ ಹೇಳಬೇಕು.

ಬೋರ್ಡ್ 65 × 56 ಮಿಲಿಮೀಟರ್, ತೂತುಗಳ ಅಂತರ 58 × 49. 27, 28ನೇ ಪಿನ್ ಮುಟ್ಟಬೇಡಿ, ಅವು ಹ್ಯಾಟ್‌ನ ಗುರುತು ಓದೋಕೆ. ತಯಾರಾದ ಮೇಲೆ ಪೈ ಕೂರಿಸುವ ಮುಂಚೆ 3.3 ಓಮ್‌ನ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಎರಡನ್ನು ಪ್ಯಾರಲಲ್ ಹಾಕಿ ಅರ್ಧ ಗಂಟೆ ಓಡಿಸಿ. 3 ಆಂಪಿಯರ್ ಎಳೆಯುತ್ತವೆ. ರೆಸಿಸ್ಟರ್ ಹೇಗೂ ಸುಡುತ್ತದೆ, ಅದನ್ನು ಮುಟ್ಟಬೇಡಿ. ಇಂಡಕ್ಟರ್ ಮೇಲೆ ಬೆರಳು ಇಡೋಕೆ ಆಗದಿದ್ದರೆ ಇನ್ನೂ ದೊಡ್ಡ ಇಂಡಕ್ಟರ್ ಹುಡುಕಿ.